ತಗಡಿನ ಮೇಲೆ ಮೂರು

ಮೊನ್ನೆ ಭಾನುವಾರ ನನ್ನ ಸೊಸೆ ಬಚ್ಚಲಿನ ಬಾಗಿಲು ಹಾಕಿಕೊಂಡು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಬಸಳೆ ಸೋಸುತ್ತ ಕೂತಿದ್ದೆ. ಬಾಗಿಲ ಸಂದಿಯಿಂದ ಆ ವಾಸನೆ ಬಂದದ್ದೇ ತಡ, ಮೂಗು ಉರಿದು ಕಣ್ಣಲ್ಲಿ ನೀರು ಬಂತು, ಕೈ ಅಲ್ಲೇ ನಿಂತುಹೋಯಿತು. ಅಮೋನಿಯಾ. ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡು ಹೊರಗೆ ಬಂದವಳು, "ಅತ್ತೆ, ಯಾಕೆ ಅಳ್ತಾ ಇದ್ದೀರಿ?" ಎಂದಳು. "ಈರುಳ್ಳಿ" ಎಂದೆ. ಬಸಳೆ ಹಿಡಿದುಕೊಂಡು ಈರುಳ್ಳಿ ಎನ್ನುವ ಮುದುಕಿಯನ್ನು ಅವಳು ಒಂಥರಾ ನೋಡಿದಳು. ನೋಡಲಿ ಬಿಡಿ. ನನಗೆ ಆ ವಾಸನೆ ಬಂದರೆ ಕಾಂದಿವಲಿಯ ಒಂದು ಶೆಡ್ಡು, ಒಂದು ಮಳೆಗಾಲ, ಇಬ್ಬರು ಗಂಡಸರು ಎದ್ದು ಬಂದು ಎದುರಿಗೆ ನಿಲ್ಲುತ್ತಾರೆ. ಹೀಗೆ ಹೇಳದೆ ಕೇಳದೆ ಒಳಗೆ ಬರುವುದು ನನಗೆ ಹಿಡಿಸುವುದಿಲ್ಲ. ಆದರೂ ಬರುತ್ತಾರೆ.

ಅದು ರೈಲು ಮುಷ್ಕರವಾದ ವರ್ಷ. ನಾನು ಉಡುಪಿ ಕಡೆಯಿಂದ ಬಂದು ಕಾಂದಿವಲಿಯ ಚಾಳಿನಲ್ಲಿ ಅಣ್ಣ ಅತ್ತಿಗೆಯ ಜೊತೆಗಿದ್ದೆ. ಅಣ್ಣ ದಾದರಿನ ಹೋಟೆಲೊಂದರಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಿದ್ದ. ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟ್ರೇಸರ್. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ನುಣ್ಣನೆಯ ಪಾರದರ್ಶಕ ಬಟ್ಟೆ ಹರಡಿ, ಕಪ್ಪು ಶಾಯಿಯಲ್ಲಿ ಗೆರೆ ಗೆರೆಯನ್ನೂ ತಿದ್ದುವುದು ನನ್ನ ಕೆಲಸ. ನಾನು ತಿದ್ದಿದ್ದನ್ನು ಪಕ್ಕದ ಕೋಣೆಯ ಅಮೋನಿಯಾ ಮಶೀನಿಗೆ ಹಾಕಿ ಪ್ರಿಂಟು ತೆಗೆಯುತ್ತಿದ್ದರು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ದಿನವಿಡೀ ಕಣ್ಣೀರು. ನಮ್ಮ ಅತ್ತಿಗೆ ನನ್ನ ಕೆಂಪು ಕಣ್ಣು ನೋಡಿ, ಆಫೀಸಿನಲ್ಲಿ ಏನೋ ನಡೆದಿದೆ ಎಂದು ಅಣ್ಣನ ಕಿವಿ ಊದುತ್ತಿದ್ದಳು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಮಶೀನಿನ ಒರೆಸುವ ಬಟ್ಟೆಯನ್ನೇ ತಂದು ಅವಳ ಮೂಗಿಗೆ ಹಿಡಿದೆ. ಆಮೇಲೆ ಬಾಯಿ ಮುಚ್ಚಿದಳು.

ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ಹಾಯ್ಸ್ಟ್. ಕಟ್ಟಡ ಏಳುವ ಜಾಗದಲ್ಲಿ ಇಟ್ಟಿಗೆ, ಸಿಮೆಂಟು, ಮರಳನ್ನು ಮೇಲಿನ ಮಾಳಿಗೆಗೆ ಸಾಗಿಸುವ ತೆರೆದ ಪಂಜರ ಅದು. ಉದ್ದ ಕಂಬ, ತಂತಿ ಹಗ್ಗ, ಕೆಳಗೊಂದು ಮೋಟಾರು, ಅಷ್ಟೇ. ಪಂಜರ ನಡುವೆ ನಿಂತಾಗ ಅದನ್ನು ಬೀಳದಂತೆ ಹಿಡಿಯುವುದು ಮಾತ್ರ ಮೋಟಾರಲ್ಲ. ಹಲ್ಲಿನ ಚಕ್ರಕ್ಕೆ ಕಚ್ಚಿಕೊಳ್ಳುವ ಅಂಗೈಯುದ್ದದ ಒಂದು ಕಬ್ಬಿಣದ ಕೊಕ್ಕೆ. ನಕ್ಷೆಯಲ್ಲಿ ಅದಕ್ಕೆ ಇಂಗ್ಲಿಷ್ ಹೆಸರಿತ್ತು. ಶೆಡ್ಡಿನಲ್ಲಿ ಎಲ್ಲರೂ ಅದನ್ನು ಖಟಕಾ ಎನ್ನುತ್ತಿದ್ದರು, ಚಕ್ರ ತಿರುಗಿದಂತೆಲ್ಲ ಖಟ್ ಖಟ್ ಎನ್ನುತ್ತಿದ್ದುದರಿಂದ.

ನಕ್ಷೆಗಳನ್ನು ಪರೀಕ್ಷಿಸಿ ಸಹಿ ಹಾಕುತ್ತಿದ್ದವರು ಪೈಮಾಮ್. ಕಾರ್ಕಳದ ಕಡೆಯವರು, ಐವತ್ತು ದಾಟಿದವರು, ಒಬ್ಬಂಟಿ. ಅಣ್ಣನ ಹೋಟೆಲಿನಲ್ಲಿ ದಿನಾ ಊಟ ಮಾಡುತ್ತಿದ್ದ ಪರಿಚಯದ ಮೇಲೆ ನನಗೆ ಕೆಲಸ ಕೊಡಿಸಿದ್ದರು. ನಕ್ಷೆಯಲ್ಲಿ ಒಂದು ಅಳತೆ ಕೂದಲೆಳೆಯಷ್ಟು ಬದಲಾದರೂ ಮೂಲೆಯಲ್ಲಿನ ರಿವಿಜನ್ ನಂಬರು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಬೇಕು. ಬದಲಾದ ಅಳತೆಯ ಪಕ್ಕ ಪುಟ್ಟ ತ್ರಿಕೋನ, ಅದರೊಳಗೆ ಅದೇ ನಂಬರು. ಶೆಡ್ಡಿನವರು ಹೊಸ ಪ್ರಿಂಟು ಕೇಳಿ ಬಂದರೆ ಹಳೆಯದನ್ನು ಮೊದಲು ಮೇಜಿನ ಮೇಲಿಡಬೇಕು. ಪೈಮಾಮ್ ಅದನ್ನು ಅವರ ಕಣ್ಣೆದುರೇ ನಾಲ್ಕು ತುಂಡು ಮಾಡಿ, ಆಮೇಲೆ ಹೊಸದನ್ನು ಕೊಡುತ್ತಿದ್ದರು. ಒಮ್ಮೆ ಕಾರ್ಖಾನೆಯ ಮಾಲೀಕ ಸೇಠ್ ಬಂದು ಪ್ರಿಂಟು ಕೇಳಿದಾಗ ಅವನಿಗೂ ಅದೇ ನಿಯಮ. "ನನ್ನ ಕೈ ದಾಟಿ ಒಂದು ಹಳೇ ನಂಬರು ಶೆಡ್ಡಿನಲ್ಲಿ ಜೀವಂತ ಇಲ್ಲ ಮಾರಾಯ್ತಿ, ಗೊತ್ತುಂಟಾ?" ಎಂದು ಎದೆ ಉಬ್ಬಿಸುತ್ತಿದ್ದರು. ಆ ಮಾತು ಸುಳ್ಳಾಗಿರಲಿಲ್ಲ. ಕಾಗದದ ಮಟ್ಟಿಗೆ ಕೊನೆಯವರೆಗೂ ಅದು ಸುಳ್ಳಾಗಲಿಲ್ಲ.

ಆ ವರ್ಷದ ಬೇಸಗೆಯಲ್ಲಿ ಸೇಠ್‌ಗೆ ದೊಡ್ಡ ಹಾಯ್ಸ್ಟ್ ಮಾಡುವ ಹುಚ್ಚು ಹತ್ತಿತು. ಪಂಜರ ದೊಡ್ಡದು, ಭಾರ ಮೊದಲಿನ ಎರಡರಷ್ಟು. ಹಾಗಾಗಿ ಖಟಕಾ ದಪ್ಪವಾಗಬೇಕಾಯಿತು. ಅದರ ನಕ್ಷೆ ತಿದ್ದಿದವಳು ನಾನೇ, ರಿವಿಜನ್ ಮೂರು. ಉದ್ದ ಅದೇ, ಕೊಕ್ಕೆಯ ಬಾಗು ಅದೇ, ಪಿನ್ನು ಹಾಕುವ ತೂತೂ ಅದೇ. ದಪ್ಪ ಮಾತ್ರ ಹೆಚ್ಚು. ಹಳೆಯದಾದ ಎರಡನೇ ನಂಬರಿನ ಖಟಕಾ ಸಣ್ಣ ಹಾಯ್ಸ್ಟಿನಲ್ಲಿ ಎಷ್ಟು ವರ್ಷ ಬೇಕಾದರೂ ಬಾಳುತ್ತಿತ್ತು. ಅದನ್ನೇ ದೊಡ್ಡದಕ್ಕೆ ಹಾಕಿದರೆ ಒಂದಲ್ಲ ಒಂದು ದಿನ ಮುರಿಯಲೇಬೇಕು. ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದೆಲ್ಲ ಅರ್ಥವಾಗುತ್ತದೆ.

ಅಷ್ಟರಲ್ಲಿ ರೈಲು ನಿಂತಿತು. ಹೊಸ ಖಟಕಾಗಳ ಎರಕ ದೂರದ ಫೌಂಡ್ರಿಯಿಂದ ಗೂಡ್ಸಿನಲ್ಲಿ ಬರಬೇಕು. ಅದೆಲ್ಲೋ ದಾರಿಯಲ್ಲಿ ಸಿಕ್ಕಿಬಿತ್ತು. ಜೋಡಣೆಯ ಶೆಡ್ಡು ಭಣಗುಟ್ಟತೊಡಗಿತು. ಅಲ್ಲಿಯ ಮುಖ್ಯ ಫಿಟ್ಟರ್ ಮಲ್ಲಪ್ಪ, ವಿಜಾಪುರದ ಕಡೆಯವನು. ಅವನ ಕೈಕೆಳಗಿನವರೆಲ್ಲ ಅವನ ಸುತ್ತಲಿನ ಹಳ್ಳಿಗಳಿಂದಲೇ ಬಂದ ದಿನಗೂಲಿಯವರು. ಕೆಲಸವಿಲ್ಲದೆ ಕೂತರೆ ಸೇಠ್ ಅವರನ್ನು ಹೊರಗೆ ಹಾಕುತ್ತಾನೆ ಎಂದು ಅವನಿಗೆ ಹೆದರಿಕೆ. ಏನು ಮಾಡಿದ ಗೊತ್ತೇ? ಪ್ರತಿ ಹಾಯ್ಸ್ಟಿನ ಮೈಗೆ ಕೊನೆಯಲ್ಲಿ ಹೊಡೆಯುವ ತಗಡಿನ ಪಟ್ಟಿ ಇರುತ್ತದಲ್ಲ, ಮಶೀನಿನ ನಂಬರು, ಎತ್ತುವ ಭಾರ, ರಿವಿಜನ್ ಎಲ್ಲ ಅದರ ಮೇಲೆ. ಆ ಪಟ್ಟಿಗಳನ್ನು ಮುಂಚಿತವಾಗಿಯೇ ಹೊಡೆಸಲು ಕೂರಿಸಿದ. ಹಾಯ್ಸ್ಟೇ ಇಲ್ಲ, ಅದರ ಹೆಸರಿನ ಪಟ್ಟಿ ಮಾತ್ರ ಸಿದ್ಧ. ಬೆಳಗಿನಿಂದ ಸಂಜೆವರೆಗೆ ಸುತ್ತಿಗೆಯ ಟಕ್ ಟಕ್. ಎಲ್ಲದರ ಮೇಲೂ ಮೂರು.

ಚಹಾ ಕುಡಿಯಲು ಹೋದಾಗ ನೋಡಿ ನಗು ಬಂತು. "ಏನು ಮಲ್ಲಪ್ಪ, ಮಗು ಹುಟ್ಟುವ ಮೊದಲೇ ಹೆಸರು ಇಡ್ತಾ ಇದ್ದೀರಿ?" ಎಂದೆ.

"ಏನ್ ಮಾಡೂದ್ರಿ ಅಕ್ಕಾರ," ಎಂದ ಸುತ್ತಿಗೆ ಕೆಳಗಿಡದೆ. "ಟಕ್ ಟಕ್ ಕೇಳಸ್ತಿದ್ರ ಸೇಠ್ ಕೆಲಸ ನಡದೈತಿ ಅಂತಾನ. ಸಪ್ಪಳ ನಿಂತ್ರ ಈ ಮಂದೀನ ಮನಿಗೆ ಕಳಸ್ತಾನ. ಊರಾಗ ಏನೈತ್ರಿ ಇವರಿಗೆ?"

ಇದರಲ್ಲಿ ಬಯ್ಯುವಂಥದ್ದೇನಿದೆ, ಹೇಳಿ. ಇವತ್ತಿಗೂ ನನಗೆ ಅವನನ್ನು ಬಯ್ಯಲು ಆಗುವುದಿಲ್ಲ. ಒಬ್ಬನನ್ನೂ ಸೇಠ್ ಹೊರಗೆ ಹಾಕಲಿಲ್ಲ.

ಮುಷ್ಕರ ಮುಗಿಯಿತು, ಮಳೆ ಹಿಡಿಯಿತು, ಕಂತ್ರಾಟುದಾರರು ಬಾಗಿಲಲ್ಲಿ ಬಂದು ಕೂತು ಹಾಯ್ಸ್ಟ್ ಎಲ್ಲಿ ಎಂದು ಗಲಾಟೆ ಎಬ್ಬಿಸಿದರು. ಎರಕಗಳು ಲಾರಿಯಲ್ಲಿ ನೆನೆದುಕೊಂಡು ಬಂದವು. ಹಳೆಯ ಖಟಕಾಗಳು ಉಳಿದಿದ್ದ ಮೂಲೆಯಲ್ಲೇ ಹೊಸವನ್ನೂ ಸುರಿದರು. ಎರಡೂ ತುಕ್ಕು ಬಣ್ಣ, ಎರಡೂ ಒದ್ದೆ. ತಗಡಿನ ಪಟ್ಟಿ ಮೊದಲೇ ಸಿದ್ಧವಿದ್ದುದರಿಂದ ಚೌಕಟ್ಟು ನಿಂತ ಕೂಡಲೇ ಅದನ್ನು ಹೊಡೆದರು, ಆಮೇಲೆ ಕೈಗೆ ಸಿಕ್ಕ ಖಟಕಾ ಜೋಡಿಸಿದರು. ತೂತು ಒಂದೇ ಅಳತೆಯದಲ್ಲವೇ, ಎರಡೂ ಸಲೀಸಾಗಿ ಕೂತವು. ತಪಾಸಣೆಯವನು ಬಂದು ಪಟ್ಟಿ ನೋಡಿದ: ಮೂರು. ನಕ್ಷೆ ನೋಡಿದ: ಮೂರು. ಮಾಲಿನ ಜೊತೆ ಹೋಗುವ ಚಲನ್ನಿನಲ್ಲೂ ಮೂರು. ಸಹಿ ಹಾಕಿ ಕಳಿಸಿದ.

ಮೊದಲನೆಯದು ಮುರಿದದ್ದು ದಾದರಿನಲ್ಲಿ. ಇಟ್ಟಿಗೆ ತುಂಬಿದ ಪಂಜರ ಮೇಲಿನ ಮಾಳಿಗೆಯಿಂದ ಬಿದ್ದು ನೆಲದಲ್ಲಿ ಹೂತುಹೋಯಿತಂತೆ. ಚಹಾದ ಹೊತ್ತು, ಎಲ್ಲರೂ ಜೋರು ಮಳೆಗೆ ತಾಡಪತ್ರಿಯ ಕೆಳಗೆ ಸೇರಿದ್ದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮುರಿದ ತುಂಡುಗಳನ್ನು ಗೋಣಿಯಲ್ಲಿ ಕಟ್ಟಿ ತಂದು ಪೈಮಾಮರ ಮೇಜಿನ ಮೇಲಿಟ್ಟರು. ಅವರು ಅಳತೆಯ ಕಡ್ಡಿ ತೆಗೆದು ದಪ್ಪ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತುಬಿಟ್ಟರು.

"ಗಿರಿಜಾ, ಇದು ಎರಡು" ಎಂದರು.

"ತಗಡಿನ ಮೇಲೆ ಮೂರು ಅಂತ ಉಂಟಲ್ಲ ಮಾಮ್?"

"ಉಂಟು ಮಾರಾಯ್ತಿ. ಅದಕ್ಕೇ ಹೆದರಿಕೆ ಆಗುವುದು. ಎರಡು ಅಂತ ಬರೆದು ಎರಡು ಇದ್ದರೆ ಹುಡುಕಬಹುದಿತ್ತು. ಮೂರು ಅಂತ ಬರೆದ ಎಲ್ಲದರಲ್ಲೂ ಈಗ ಎಂತ ಉಂಟು ಅಂತ ಯಾರು ಹೇಳ್ತಾರೆ?"

ಮಲ್ಲಪ್ಪನನ್ನು ಕರೆಸಿದರು. ಅವನು ತುಂಡನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ ಅಷ್ಟೇ, ಮುಖ ಬೂದಿಯಂತಾಯಿತು. ನಡೆದದ್ದನ್ನೆಲ್ಲ ಅವನೇ ಬಾಯಿ ಬಿಟ್ಟು ಹೇಳಿದ. ಮುಚ್ಚಿಡಲಿಲ್ಲ, ಬೇರೆಯವರ ಮೇಲೆ ಹಾಕಲಿಲ್ಲ. "ಸಾಹೇಬರ, ಯಾವ ಬಿಲ್ಡಿಂಗಿಗೆ ಹೋದ್ರೂ ಹಾಯ್ಸ್ಟಿನ ಬುಡಕ್ಕ ನಿಂತು ಬುಟ್ಟಿ ತುಂಬಾವ್ರು ನಮ್ಮ ಕಡೀ ಹೆಣ್ಮಕ್ಕಳ್ರಿ. ನಮ್ಮ ಮಂದೀ ಕೆಲಸ ಉಳಸಾಕ ಹೋಗಿ ನಮ್ಮ ಮಂದೀ ತಲೀ ಮ್ಯಾಲೇ ತಂದಿಟ್ಟೆ" ಎಂದು ಗೋಡೆಗೆ ಒರಗಿದ.

ಸೇಠ್ ಎಲ್ಲ ಕೇಳಿ ಒಂದೇ ಮಾತು ಹೇಳಿದ: ಗದ್ದಲ ಬೇಡ, ಸರ್ವಿಸ್‌ಗೆ ಬಂದಿದ್ದೇವೆ ಎಂದು ಹೇಳಿ ಸದ್ದಿಲ್ಲದೆ ಬದಲಾಯಿಸಿ ಬನ್ನಿ. ಕಂತ್ರಾಟುದಾರರಿಗೆ ಹಾಯ್ಸ್ಟ್ ನಿಲ್ಲಿಸಿ ಎಂದು ಹೇಳಿಕಳಿಸೋಣ ಎಂದು ಪೈಮಾಮ್ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಸರಿ, ಪೈಮಾಮ್ ಮತ್ತು ಮಲ್ಲಪ್ಪ ಹೊರಟರು. ಪೈಮಾಮರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಮಬ್ಬು ಮಳೆಯಲ್ಲಿ ಸಣ್ಣ ಅಳತೆ ಕಾಣುತ್ತಿರಲಿಲ್ಲ. "ನಾನು ಬರ್ತೇನೆ, ಆ ಗೆರೆ ಎಳೆದವಳು ನಾನು" ಎಂದೆ. ಮನೆಯಲ್ಲಿ ಅತ್ತಿಗೆ ರಾಮಾಯಣವನ್ನೇ ಎಬ್ಬಿಸಿದಳು. ಮದುವೆಯಾಗದ ಹುಡುಗಿ ಇಬ್ಬರು ಗಂಡಸರ ಜೊತೆ ಕೂಲಿಯವರ ನಡುವೆ ತಿರುಗಿದರೆ ನಾಳೆ ಯಾರು ಕೇಳಿಕೊಂಡು ಬರುತ್ತಾರೆ ಎಂದಳು. "ಬಾರದಿದ್ದರೆ ನಿನ್ನ ಮನೆಯಲ್ಲೇ ಇರುತ್ತೇನೆ" ಎಂದು ಹೇಳಿದ ಮೇಲೆ ಸುಮ್ಮನಾದಳು.

ಮಲ್ಲಪ್ಪ ಒಂದು ದಪ್ಪ ತಗಡಿನಲ್ಲಿ ಸೀಳು ಕೊರೆದುಕೊಟ್ಟ. ಹಳೆಯ ಖಟಕಾ ಆದರೆ ಸೀಳಿನೊಳಗೆ ಸರ್ರೆಂದು ಹೋಗುತ್ತಿತ್ತು. ಹೊಸದಾದರೆ ಬಾಯಲ್ಲೇ ತಡೆಯುತ್ತಿತ್ತು. ನಂಬರನ್ನು ಓದುವುದು ಬಿಟ್ಟು ಕಬ್ಬಿಣವನ್ನೇ ಕೇಳುತ್ತ ಹೋದೆವು. ಆ ಸೀಳು ಹಿಡಿದುಕೊಂಡು ಖಟಕಾದ ಹತ್ತಿರ ಬಗ್ಗುತ್ತಿದ್ದವಳು ನಾನು. ತಡೆದರೆ ಮೂವರೂ ಉಸಿರು ಬಿಡುತ್ತಿದ್ದೆವು. ಒಳಗೆ ಹೋದರೆ ಮಲ್ಲಪ್ಪ ಪಾನಾ ತೆಗೆದು ಬಿಚ್ಚಲು ಕೂರುತ್ತಿದ್ದ.

ಎಂಥಾ ಮಳೆ ಅದು! ಲೋಕಲ್ ಗಾಡಿ ನಡುದಾರಿಯಲ್ಲಿ ನಿಂತರೆ ಹಳಿಯ ಮೇಲೆ ಇಳಿದು ನಡೆಯುವುದು, ಪೈಮಾಮರ ಕೊಡೆ ಗಾಳಿಗೆ ಉಲ್ಟಾ ಹೊಡೆಯುವುದು, ಅವರು ಅದಕ್ಕೆ ಕೊಂಕಣಿಯಲ್ಲಿ ಬಯ್ಯುವುದು. ಮೊದಮೊದಲು ಅದಕ್ಕೆ ನಗುತ್ತಿದ್ದೆವು. ಆದರೆ ಲೋಕಲಿನ ಬಾಗಿಲಿನಿಂದ ಹೊರಗೆ ನೋಡಿದರೆ ಸಾಕು, ಎಲ್ಲೆಲ್ಲೂ ಅರ್ಧ ಕಟ್ಟಿದ ಕಟ್ಟಡಗಳು, ಪ್ರತಿಯೊಂದರ ಪಕ್ಕದಲ್ಲೂ ಒಂದು ಕಂಬ, ಅದರಲ್ಲಿ ಮೇಲೆ ಕೆಳಗೆ ಆಡುವ ಪಂಜರ. ಕೆಲವು ನಮ್ಮವು, ಹೆಚ್ಚಿನವು ಬೇರೆ ಕಂಪನಿಯವು. ದೂರದಿಂದ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ನನಗೆ ಎಲ್ಲವೂ ನಮ್ಮವೇ ಅನ್ನಿಸತೊಡಗಿದವು.

ಬೊರಿವಲಿಯ ಒಂದು ಜಾಗದಲ್ಲಿ ನಾವು ಮುಟ್ಟುವ ಹೊತ್ತಿಗೆ ಪಂಜರ ಮೇಲಿತ್ತು. ಅದರಲ್ಲಿ ಸಿಮೆಂಟಲ್ಲ, ಹೆಂಗಸರು. ಬಿದಿರಿನ ಅಟ್ಟಣಿಗೆ ಮಳೆಗೆ ಜಾರುತ್ತದೆಂದು ಅದರಲ್ಲೇ ಹತ್ತಿ ಇಳಿಯುತ್ತಿದ್ದರು. ಎಲ್ಲ ಕಡೆ ಬೇಡವೆಂದು ಬರೆದಿರುತ್ತದೆ, ಎಲ್ಲ ಕಡೆ ಹತ್ತುತ್ತಾರೆ. ಮಲ್ಲಪ್ಪ "ಇಳಸ್ರೋ, ಸಾವಕಾಶ ಇಳಸ್ರೋ" ಎಂದು ಕೂಗಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಪಂಜರ ಇಳಿದು ನೆಲ ಮುಟ್ಟುವವರೆಗೆ ಪೈಮಾಮ್ ಕಣ್ಣು ಮುಚ್ಚಿ ನಿಂತಿದ್ದರು. ಸೀಳು ಹಿಡಿದೆ, ಸರ್ರೆಂದು ಹೋಯಿತು. ಬಿಚ್ಚಿ ನೋಡಿದರೆ ಕೊಕ್ಕೆಯ ಬುಡದಲ್ಲಿ ಕೂದಲಿನಂಥ ಬಿರುಕು.

ಇಳಿದವರಲ್ಲಿ ನೀಲವ್ವ ಎಂಬ ಹೆಂಗಸು ಸೆರಗು ಹಿಂಡಿಕೊಳ್ಳುತ್ತ ಬಂದು, "ಏನ್ ನೋಡಾಕ ಬಂದೀರಿ ಬಾಯಾರ, ಇಷ್ಟು ಮಳಿಯಾಗ?" ಎಂದಳು. ಸರ್ವಿಸ್‌ಗೆ ಬಂದಿದ್ದೇವೆ ಎನ್ನಬೇಕಿತ್ತು. ನನ್ನ ನಾಲಿಗೆ ಹೊರಳಲಿಲ್ಲ. ಮಲ್ಲಪ್ಪನೇ ಆ ಬಿರುಕನ್ನು ಅವಳಿಗೆ ತೋರಿಸಿ, ಇದೇ ನಿಮ್ಮನ್ನು ಹಿಡಿದಿದ್ದದ್ದು, ಇದು ಹಿಡಿಯುವಂಥದ್ದಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದ. ಸೇಠ್‌ನ ಮಾತು ಮಳೆನೀರಿನಲ್ಲಿ ಹೋಯಿತು.

ನೀಲವ್ವ ಆ ಕಬ್ಬಿಣವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಹಂಗಾರ ಇಷ್ಟು ದಿನ ನಮ್ಮನ್ನ ಹಿಡಕೊಂಡಿದ್ದು ಯಾರ್ರೀ ಯಣ್ಣಾ?" ಎಂದಳು.

ಕೇಳಿದವಳೇ ನಕ್ಕು, ಬುತ್ತಿ ಬಿಚ್ಚಿ, ನಮ್ಮ ಮೂವರಿಗೂ ಒಂದೊಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ಪೈಮಾಮ್ ಹೊರಗಿನದು ತಿನ್ನುವವರಲ್ಲ, ಅಣ್ಣನ ಹೋಟೆಲು ಬಿಟ್ಟು ಎಲ್ಲೂ ನೀರೂ ಮುಟ್ಟದವರು. ಅವತ್ತು ನಿಂತುಕೊಂಡೇ ಪೂರ್ತಿ ತಿಂದರು.

ಹೀಗೇ ಒಂದೊಂದಾಗಿ ಹಿಡಿಯುತ್ತ ಹೋದೆವು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಒಂದೇ ಒಂದು ಉಳಿಯಿತು. ಅದೂ ಬೊರಿವಲಿಯಲ್ಲೇ, ಬೆಟ್ಟದ ಕಡೆಗೆ, ಒಂದು ಹೊಸ ಸೊಸೈಟಿಯ ಜಾಗದಲ್ಲಿ. ಹೋಗಿ ನೋಡಿದರೆ ಕಟ್ಟಡ ಮುಗಿದು ಸುಣ್ಣ ಹೊಡೆಯುತ್ತಿದ್ದಾರೆ. ಹಾಯ್ಸ್ಟ್ ನಿಂತಿದ್ದ ಜಾಗದ ಸಿಮೆಂಟು ಕಟ್ಟೆಯಲ್ಲಿ ಬೋಲ್ಟು ಕಿತ್ತ ನಾಲ್ಕು ತೂತುಗಳು, ನಾಲ್ಕರಲ್ಲೂ ಮಳೆನೀರು. ಕಾವಲಿನ ಭಯ್ಯಾನನ್ನು ಕೇಳಿದರೆ, ಕಂತ್ರಾಟುದಾರ ಅದನ್ನು ಇನ್ನೊಬ್ಬನಿಗೆ ಮಾರಿದ, ಲಾರಿ ಬಂದು ಒಯ್ದಿತು, ಎಲ್ಲಿಗೋ ಗೊತ್ತಿಲ್ಲ ಎಂದ. ಆ ಕಂತ್ರಾಟುದಾರನ ಆಫೀಸಿಗೆ ಬೀಗ. ಅಕ್ಕಪಕ್ಕದವರು ಒಬ್ಬರು ವಸಯಿ ಎಂದರು, ಒಬ್ಬರು ಠಾಣೆ ಎಂದರು, ಇನ್ನೊಬ್ಬರು ಗುಜರಾತೇ ಎಂದರು.

ಕಾರ್ಖಾನೆಗೆ ಬಂದು, ಬಿಚ್ಚಿ ತಂದ ಹಳೆಯ ಖಟಕಾಗಳನ್ನೂ ದಾದರಿನಲ್ಲಿ ಮುರಿದದ್ದನ್ನೂ ಮೂಲೆಯಲ್ಲಿ ಉಳಿದವನ್ನೂ ಒಟ್ಟಿಗೆ ಹಾಕಿ ಸ್ಟೋರಿನ ಲೆಕ್ಕಕ್ಕೆ ತಾಳೆ ನೋಡಿದೆವು. ಒಂದು ಕಡಿಮೆ. ಸಿಗದ ಹಾಯ್ಸ್ಟ್ ಒಂದು, ಸಿಗದ ಹಳೇ ಖಟಕಾ ಒಂದು.

"ಒಂದು ತಾನೇ" ಎಂದು ಸೇಠ್ ಕಡತ ಮುಚ್ಚಿದ. ಎಲ್ಲ ಸರಿಪಡಿಸಲಾಗಿದೆ ಎಂಬ ಕಾಗದಕ್ಕೆ ಪೈಮಾಮರ ಸಹಿ ಬೇಕು ಎಂದ. ಅವರು ಹಾಕಲಿಲ್ಲ. ಬಯ್ದ, ಹೆದರಿಸಿದ, ಕೊನೆಗೆ ತಾನೇ ಹಾಕಿಕೊಂಡ. ಪೈಮಾಮ್ ಅವತ್ತು ತಮ್ಮ ಜಾಗಕ್ಕೆ ಬಂದು, ಖಟಕಾದ ನಕ್ಷೆ ತೆಗೆದು ನನ್ನ ಮುಂದೆ ಹರಡಿದರು. "ಬರಿ ಮಗಾ, ರಿವಿಜನ್ ನಾಲ್ಕು. ದಪ್ಪ ಮೂರರದ್ದೇ ಇರಲಿ. ತೂತು ಮಾತ್ರ ದೊಡ್ಡದು ಮಾಡು, ಪಿನ್ನು ದೊಡ್ಡದು ಮಾಡು. ಹಳೆಯದನ್ನು ತಂದು ಗುದ್ದಿದರೂ ಅದು ಕೂರಬಾರದು. ಇನ್ನು ಮೇಲೆ ನಂಬರನ್ನು ನಂಬುವುದು ಬೇಡ. ಕಬ್ಬಿಣವೇ ಒಲ್ಲೆ ಅನ್ನಲಿ." ಆ ತ್ರಿಕೋನದೊಳಗೆ ನಾಲ್ಕು ಎಂದು ಬರೆಯುವಾಗ ಶಾಯಿ ಚೆಲ್ಲಿತು. ಬ್ಲೇಡಿನಿಂದ ಕೆರೆದು ಮತ್ತೆ ಬರೆದೆ.

ಮುಂದೆ ಹುಟ್ಟುವ ಹಾಯ್ಸ್ಟುಗಳನ್ನು ಅದರಿಂದ ಕಾಪಾಡಿದಂತಾಯಿತು, ನಿಜ. ಆದರೆ ಆ ಒಂದು ಎಲ್ಲೋ ಮೇಲೆ ಕೆಳಗೆ ಆಡುತ್ತಲೇ ಇತ್ತಲ್ಲ. ಪೈಮಾಮ್ ಬದಲಾಗಿಬಿಟ್ಟರು. ಹೋಟೆಲಿನಲ್ಲಿ ಕಾಫಿ ತಂದಿಟ್ಟರೆ, "ಇದು ಕಾಫಿಯೇ ಹೌದಾ?" ಎಂದು ಮಾಣಿಯನ್ನು ಕೇಳುತ್ತಿದ್ದರಂತೆ. ಅಣ್ಣ ಅದನ್ನು ತಮಾಷೆಯೆಂದು ಹೇಳಿ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಡಬ್ಬಿಯ ಮೇಲೆ ಏನು ಬರೆದಿದ್ದರೂ ಮುಚ್ಚಳ ತೆಗೆದು ಮೂಸಿ ನೋಡುವ ಅಭ್ಯಾಸ ಅವರಿಗೆ ಬಂತು, ಅವರಿಂದ ನನಗೂ ಬಂತು, ಇನ್ನೂ ಹೋಗಿಲ್ಲ. ನಿವೃತ್ತರಾಗಿ ಊರಿಗೆ ಹೋದವರು ಹೆಚ್ಚು ದಿನ ಬದುಕಲಿಲ್ಲ. ಸುದ್ದಿ ಬಂದ ದಿನ ಪ್ರಿಂಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಲ್ಲಿ ಅತ್ತರೆ ಯಾರೂ ಕಾರಣ ಕೇಳುವುದಿಲ್ಲ.

ಮಲ್ಲಪ್ಪ ಭಾನುವಾರಗಳಲ್ಲಿ ಹುಡುಕಲು ಹೊರಡುತ್ತಿದ್ದ. ಒಂದು ವಾರ ವಸಯಿ, ಒಂದು ವಾರ ಠಾಣೆ, ಕಲ್ಯಾಣ. ಕೆಲಸ ಕೇಳಿಕೊಂಡು ಬಂದವನಂತೆ ಕಟ್ಟಡದೊಳಗೆ ಹೋಗಿ, ಹಾಯ್ಸ್ಟಿನ ಬಳಿ ಬೀಡಿ ಸೇದುವ ನೆಪದಲ್ಲಿ ಕೂತು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದನಂತೆ. ಸೋಮವಾರ ನಾನು ಅವನ ಮುಖ ನೋಡಿದರೆ ತಲೆ ಅಲ್ಲಾಡಿಸುತ್ತಿದ್ದ. ಅವನ ಹೆಂಡತಿ ಒಮ್ಮೆ ಗೇಟಿನ ಬಳಿ ಬಂದು ನನ್ನ ಕೈ ಹಿಡಿದುಕೊಂಡು, "ಅಕ್ಕಾರ, ಇವರಿಗೆ ನೀವರ ಹೇಳ್ರಿ. ಮಕ್ಕಳ ಜೋಡಿ ಒಂದಿನಾ ಮಾತಾಡೂದಿಲ್ಲ. ಊಟಕ್ಕ ಕುಂತ್ರೂ ಕಿವಿ ಹೊರಗ ಇಟ್ಟಿರ್ತಾರ" ಎಂದು ಅತ್ತಳು. ನಾನೇನು ಹೇಳಲಿ? ಅಷ್ಟು ಹೊತ್ತಿಗೆ ನನಗೂ ಮದುವೆಯಾಗಿತ್ತು. ಗಂಡನ ಜೊತೆ ಲೋಕಲಿನಲ್ಲಿ ಹೋಗುವಾಗ ಅವರು ಏನೋ ಹೇಳುತ್ತಿದ್ದರೆ ನನ್ನ ಕಣ್ಣು ಕಿಟಕಿಯಾಚೆ ಕಂಬಗಳ ಮೇಲೇ. "ಏನು ನೋಡ್ತೀ ಅಷ್ಟು?" ಎಂದರೆ "ಏನಿಲ್ಲ" ಎನ್ನುತ್ತಿದ್ದೆ. ಪಂಜರದಲ್ಲಿ ಬಣ್ಣದ ಸೀರೆ ಕಂಡರೆ ಅದು ಕೆಳಗಿಳಿಯುವವರೆಗೆ ನೋಡಬೇಕೆನಿಸುತ್ತಿತ್ತು. ಗಾಡಿ ಮುಂದೆ ಹೋಗಿಬಿಡುತ್ತಿತ್ತು.

ಕೆಲವು ವರ್ಷ ಹೀಗೇ ಹೋಯಿತು. ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಕೂತಿದ್ದೆ, ಒಬ್ಬ ಮನುಷ್ಯ ಡ್ರಾಯಿಂಗ್ ಆಫೀಸಿನ ಬಾಗಿಲಿಗೆ ಬಂದ. ಗುಜರಿಯಲ್ಲಿ ಹಳೆಯ ಯಂತ್ರ ಕೊಂಡು, ರಿಪೇರಿ ಮಾಡಿ ಮಾರುವವನಂತೆ. ನಿಮ್ಮ ಕಂಪನಿಯ ಹಾಯ್ಸ್ಟ್ ಒಂದು ಸಿಕ್ಕಿದೆ, ಇದರಂಥದ್ದೇ ಇನ್ನೊಂದು ಬೇಕು ಎಂದು ಚಿಂದಿ ಬಟ್ಟೆಯ ಗಂಟು ಬಿಚ್ಚಿದ. ಒಂದು ತಗಡಿನ ಪಟ್ಟಿ, ಅದರ ಮೇಲೆ ಮೂರು. ಅದರ ಜೊತೆಗೆ ಎರಡು ತುಂಡಾದ ಒಂದು ಖಟಕಾ.

ಆಫೀಸಿನ ಜವಾನ ಹೋಗಿ ಮಲ್ಲಪ್ಪನನ್ನು ಕರೆತಂದ. ಅವನು ಎಣ್ಣೆಗೈ ಒರೆಸಿಕೊಳ್ಳುತ್ತ ಬಂದವನು ಮೇಜು ನೋಡಿ ಅಲ್ಲೇ ನಿಂತ. ಮಶೀನಿನ ನಂಬರು ಓದಿದ, ಸಿಗದೆ ಉಳಿದಿದ್ದ ಅದೇ ನಂಬರು. ಆಮೇಲೆ ಎರಡು ತುಂಡುಗಳನ್ನೂ ಎತ್ತಿಕೊಂಡು, ಮುರಿದ ಬಾಯಿಗೆ ಬಾಯಿ ಕೂಡಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿದ. ಸೀಳಿನ ತಗಡು ಅವನಿಗೆ ಬೇಕಾಗಲಿಲ್ಲ. ಮುರಿದ ಜಾಗದಲ್ಲಿ ತುಕ್ಕು ಹಿಡಿದಿತ್ತು. ಮುರಿದು ತುಂಬ ಕಾಲವಾಗಿರಬೇಕು.

"ಇದು ಮುರಿದದ್ದು ಯಾವಾಗ?" ಎಂದು ಹಿಂದಿಯಲ್ಲಿ ಕೇಳಿದ.

"ಯಾರಿಗೆ ಗೊತ್ತು ಭಾಯ್. ನನಗೆ ಸಿಗುವಾಗಲೇ ಹೀಗಿತ್ತು. ನನಗಿಂತ ಮೊದಲು ಎರಡೋ ಮೂರೋ ಕೈ ಬದಲಾಗಿದೆ."

"ಎಲ್ಲಿತ್ತು ಅದು?"

"ಅದೂ ಗೊತ್ತಿಲ್ಲ."

ಮಲ್ಲಪ್ಪ ತುಂಡುಗಳನ್ನು ಬಿಡಿಸಿ ಮತ್ತೆ ಕೂಡಿಸಿದ. ಆಮೇಲೆ ಕೇಳಿದ: "ಬಿದ್ದಾಗ ಅದರಲ್ಲಿ ಯಾರಾದರೂ ಇದ್ದರಾ? ಕೆಳಗೆ ಯಾರಾದರೂ ಇದ್ದರಾ?"

ಆ ಮನುಷ್ಯ ಕೆಟ್ಟವನೇನಲ್ಲ, ತಬ್ಬಿಬ್ಬಾದ. ನನ್ನ ಮುಖ ನೋಡಿದ, ಅವನ ಮುಖ ನೋಡಿದ. "ನಾನು ಕಬ್ಬಿಣ ಕೊಳ್ಳುವವನು ಭಾಯ್, ಮನುಷ್ಯರ ವಿಷಯ ನನಗೆ ಯಾರು ಹೇಳ್ತಾರೆ?" ಎಂದ.

ಸಿಗದಿದ್ದಷ್ಟು ದಿನ ಅದು ಎಲ್ಲೋ ಹುಲ್ಲಿನಲ್ಲಿ ಬಿದ್ದಿದೆ, ಯಾರೋ ಬಿಚ್ಚಿ ಎಸೆದಿದ್ದಾರೆ ಎಂದುಕೊಂಡು ಒಂದೊಂದು ದಿನವಾದರೂ ನಾನು ನೆಮ್ಮದಿಯಿಂದ ಇರುತ್ತಿದ್ದೆ. ಅವತ್ತು ಅದೂ ಹೋಯಿತು. ಮುರಿದದ್ದು ಮಾತ್ರ ಗೊತ್ತಾಯಿತು, ಇನ್ನೇನೂ ಗೊತ್ತಾಗಲಿಲ್ಲ, ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಮಲ್ಲಪ್ಪ ಶೆಡ್ಡಿಗೆ ಹೋಗಿ, ಉಳಿದಿದ್ದ ಮೂರನೇ ನಂಬರಿನವುಗಳಲ್ಲಿ ಸರಿಯಾದ ದಪ್ಪದ್ದೊಂದನ್ನು ತಂದು, ಅಳೆದು ತೋರಿಸಿ, ಅವನ ಕೈಗಿಟ್ಟ. ಹಳೆಯ ತುಂಡು ವಾಪಸ್ ಕೊಡಿ, ಗುಜರಿಗೆ ಹಾಕುತ್ತೇನೆ ಎಂದ ಅವನು. ಮಲ್ಲಪ್ಪ ಕೊಡಲಿಲ್ಲ.

ಆ ಮನುಷ್ಯ ಹೋದ ಮೇಲೆ ಕುರ್ಚಿ ತೋರಿಸಿ ಕೂತುಕೊಳ್ಳಿ ಎಂದೆ. ಕೂರಲಿಲ್ಲ.

"ಅಕ್ಕಾರ, ಅದೊಂದು ನನ್ನ ಕೈಯಾಗ ಸಿಗಲಿ ಅಂತ ದಿನಾ ಬೇಡಿಕೊಂಡೆ" ಎಂದ. "ಹಿಂಗ ಸಿಗಲಿ ಅಂತ ಬೇಡಿದ್ದಿಲ್ರಿ."

ಒಂದೊಂದು ಕೈಯಲ್ಲಿ ಒಂದೊಂದು ತುಂಡು ಹಿಡಿದುಕೊಂಡು ಅವನು ಆ ಕೋಣೆಯ ನಡುವೆ ನಿಂತೇ ಇದ್ದ. ಮೇಜಿನ ಮೇಲೆ ಇಡಲು ಹೋದ, ಇಡಲಿಲ್ಲ. ನೆಲಕ್ಕೆ ಬಗ್ಗಿದ, ಮತ್ತೆ ಎದ್ದ. ಅವನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.